ರಾಗಿಹೊಲದ ಜನಸಂಖ್ಯೆ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಸುತ್ತಲಿನ 110 ಹಳ್ಳಿಗಳನ್ನು ಒಳಗೊಂಡು ರಚನೆಯಾದಾಗ ಹೊರಗೇ ಉಳಿದ ಬಾಗಲೂರು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಗರದಂತೆ ಬೆಳೆದು, ಗ್ರಾಮ ಪಂಚಾಯಿತಿಯಂತೆ ಆಳಿಸಿಕೊಂಡ ಊರು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸ್ಥೂಲವಾಗಿ 400 ಜನಕ್ಕೊಬ್ಬ ಸದಸ್ಯ. ಆದರೆ ಇಲ್ಲಿ ಜನವೆಂದರೆ ಸದ್ಯ ಉಸಿರಾಡುತ್ತಿರುವವರಲ್ಲ, ಹಿಂದಿನ ಜನಗಣತಿಯಲ್ಲಿ ಎಣಿಕೆಯಾದವರು, ಅಂದರೆ 2011ರವರು. ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಯಲ್ಲಿ ಈ ಸೂಕ್ಷ್ಮವು ಚರ್ಚೆಗೆ ಬಂದರೆ, ಮಾತು ಹೀಗೆ ಸಾಗುವುದೆಂದು ಕಲ್ಪಿಸಬಹುದು.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ: “ಸರ್, ನಮ್ಮ ಒಂದು ಟವರಿನಲ್ಲೇ 400 ಜನ ಇದ್ದೇವೆ. ನಮಗೊಬ್ಬ ಸದಸ್ಯ ಬೇಡವೇ?”

ಪಿಡಿಒ, ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ: “ಗಣತಿಯ ಲೆಕ್ಕದಲ್ಲಿ ನಿಮ್ಮ ಟವರು ಇನ್ನೂ ರಾಗಿಹೊಲ, ಸ್ವಾಮಿ. ರಾಗಿಗೆ ಪ್ರಾತಿನಿಧ್ಯ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ.”

“2021ರ ಗಣತಿ?”

“ಮುಂದಕ್ಕೆ ಹೋಯಿತು.”

“ತೆರಿಗೆ ಮಾತ್ರ ಈ ವರ್ಷದ್ದು ಕಟ್ಟಿಸಿಕೊಂಡಿರಲ್ಲ!”

“ತೆರಿಗೆಗೂ ಗಣತಿಗೂ ಸಂಬಂಧವಿಲ್ಲ,” ಎಂದು ಪಿಡಿಒ ರಸೀದಿ ಪುಸ್ತಕವನ್ನು ಕಂಕುಳಿಗೆ ಸೇರಿಸಿದರು. ಆಡಳಿತಶಾಸ್ತ್ರದ ಗ್ರಂಥಗಳು ಇಷ್ಟು ಸ್ಪಷ್ಟವಾಗಿ ಹೇಳುವುದು ಅಪರೂಪ.

ಹಿಂದಿನ ಬೆಂಚಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದ, ಆ ಹೊಲವನ್ನು ಮಾರಿದ್ದ ಯಜಮಾನರು ಬಾಯಿ ತೆರೆದರು.

“ಅದ್ಸರಿ ಸಾಮಿ, ನಿಮ್ ವೋಟು ಎಲ್ಲೈತೆ?”

“ಶಿವಮೊಗ್ಗದಲ್ಲಿ.”

“ಕಸ?”

“ಇಲ್ಲೇ.”