ಮೋರಿಯಿಂದ ಶುರುಮಾಡಿ: ಮಾಯಾನಗರ ಜೋಡಣೆಯ ಕೈಪಿಡಿ

ಬಳಸುವ ಮುನ್ನ ಓದಿ

ಹೊಸ ಮಾಯಾನಗರದ ಒಡೆಯರಾಗಲಿರುವ ನಿಮಗೆ ಅಭಿನಂದನೆಗಳು. ಈ ಉತ್ಪನ್ನವನ್ನು ರೋಲ್‌ಪ್ಲೇಯಿಂಗ್ ಆಟಕ್ಕೆ ಮಾತ್ರ ಬಳಸತಕ್ಕದ್ದು. ಅದೇನು ಆಟ ಎಂದು ಮನೆಯವರು ಕೇಳಿದರೆ, ತಾಳಮದ್ದಳೆಗೆ ಇಪ್ಪತ್ತು ಮುಖದ ದಾಳ ಸೇರಿಸಿದ್ದು ಎನ್ನಿ. ನಾಲ್ಕೈದು ಜನ ಅರ್ಥಧಾರಿಗಳ ಹಾಗೆ ಕೂತು, ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲೇ ಹುಟ್ಟಿಸಿ ಆಡುತ್ತಾರೆ. ಭಾಗವತರ ಜಾಗದಲ್ಲಿ ನೀವು. ಆಟದ ಭಾಷೆಯಲ್ಲಿ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಸಭೆಗೆಲ್ಲ ಗೊತ್ತು. ಇಲ್ಲಿ ಭಾಗವತರಿಗೇ ಗೊತ್ತಿಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಸಾಹಸವೆಲ್ಲ ಹೆಚ್ಚಾಗಿ ನೆಲಮಾಳಿಗೆಯ ಕತ್ತಲಲ್ಲೇ. ಆದರೆ ದೋಚಿದ ಚಿನ್ನ ಖರ್ಚು ಮಾಡಲು ಒಂದು ಊರು ಬೇಡವೇ? 1976ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಪ್ರಕಾಶನ ಸಂಸ್ಥೆ ಒಂದು ಇಡೀ ನಗರವನ್ನೇ, ಬೀದಿ ಬೀದಿಯ ಅಂಗಡಿಗಳ ವಿವರ ಸಮೇತ, ಮಾರಾಟಕ್ಕಿಟ್ಟಿತು. ಡಿಎಂಗಳ ನಿದ್ದೆ ಕೆಟ್ಟದ್ದು ಆವಾಗಿನಿಂದ.

ಪೆಟ್ಟಿಗೆಯಲ್ಲಿ ಏನೇನಿದೆ

ಗ್ರಾಫ್ ಪುಸ್ತಕ 1, ಪೆನ್ಸಿಲ್ 1, ರಬ್ಬರ್ 3. ಲೆಕ್ಕ ತಪ್ಪಿಲ್ಲ. ಬುರುಜುಗಳನ್ನು ಸೇರಿಸಿಲ್ಲ, ಹೇಗೂ ನೀವು ಬೇಕಾದ್ದಕ್ಕಿಂತ ಹೆಚ್ಚೇ ಬರೆಯುತ್ತೀರಿ.

ಹಂತ 1: ಹೆಸರಿಡುವುದು

ನನ್ನ ಮೊದಲ ನಗರದ ಹೆಸರು ಝರ್ಥಲ್‌ಮೋರಿಯಾ. ಹದಿನಾಲ್ಕು ಬುರುಜು, ಮೂರು ರಾಜವಂಶ, ಮೂರು ತಿಂಗಳ ರಾತ್ರಿಗಳು. ಆಟ ಶುರುವಾದ ಹತ್ತೇ ನಿಮಿಷಕ್ಕೆ ಗೆಳೆಯರು ಅದನ್ನು ‘ಮೋರಿ’ ಮಾಡಿದರು. ಗಂಟಲು ಗಡುಸು ಮಾಡಿಕೊಂಡು “ಮೋರಿಗೆ ಸ್ವಾಗತ” ಎನ್ನುವ ಕಷ್ಟ ಪಟ್ಟವನಿಗೇ ಗೊತ್ತು.

ಬಾಯಲ್ಲಿ ನಿಲ್ಲುವ ಹೆಸರಿಡಿ. ಬೆಂಗಳೂರಿನ ಹಳೇ ಪೇಟೆ ನೋಡಿ: ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ. ಏನು ಕೊಳ್ಳಲು ಎಲ್ಲಿಗೆ ಹೋಗುತ್ತಿದ್ದರೆಂದು ಹೆಸರೇ ಹೇಳುತ್ತದೆ. ಇಂಥ ನಾಲ್ಕು ಹೆಸರಿದ್ದರೆ ಮೂರು ರಾಜವಂಶದ ಚರಿತ್ರೆ ಬರೆಯುವ ಶ್ರಮ ಉಳಿಯುತ್ತದೆ.

ಹಂತ 2: ನೀರು ಹಾಯಿಸುವುದು

ಎಚ್ಚರಿಕೆ: ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ನಾನು ಹೋಗಿದ್ದೆ.

ನಮ್ಮ ಗುಂಪಿನಲ್ಲಿ ಕಳ್ಳಿಯ ಪಾತ್ರ ವಹಿಸಿದ್ದ ಗೆಳತಿ ಮೊದಲ ಸಂಜೆಯೇ ಕೇಳಿದಳು: “ಅರಮನೆಗೆ ಹೆಬ್ಬಾಗಿಲಿಂದ ಯಾಕೆ ಹೋಗಬೇಕು? ರಾಣಿಯ ಬಚ್ಚಲ ನೀರು ಹೊರಗೆ ಬರೋದು ಎಲ್ಲಿಂದ?” ನಕ್ಷೆಯನ್ನು ಉದ್ದಕ್ಕೆ ನೋಡಿದೆ, ಅಡ್ಡಕ್ಕೆ ನೋಡಿದೆ. ಹದಿನಾಲ್ಕು ಬುರುಜೂ ನನ್ನನ್ನೇ ನೋಡುತ್ತಿದ್ದವು. ಮೋರಿಯಲ್ಲಿ ಮೋರಿಯೇ ಇರಲಿಲ್ಲ.

ಹಂಪಿಗೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ವಾಪಸಾಗಬೇಡಿ. ಮಹಾನವಮಿ ದಿಬ್ಬದ ಹತ್ತಿರ, ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಾಲುವೆಯ ಬೆನ್ನುಹಿಡಿದು ನಡೆಯಿರಿ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿಯ ಹತ್ತಿರ ತಂದು ಬಿಡುತ್ತದೆ. ತುಂಗಭದ್ರೆಯಿಂದ ತೆಗೆದ ವಿಜಯನಗರದ ಕಾಲದ ತುರ್ತಾ ಕಾಲುವೆ ಇವತ್ತಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಅರಮನೆಗಳದ್ದು ಮಾತ್ರ ಜಗಲಿಯಷ್ಟೇ ಉಳಿದಿದೆ. ಯಾವುದನ್ನು ಮೊದಲು ಬರೆಯಬೇಕೆಂದು ಇನ್ನು ಬಿಡಿಸಿ ಹೇಳಬೇಕೇ?

ನೀರು ಹರಿದಲ್ಲಿ ಜಗಳ ಇದ್ದೇ ಇರುತ್ತದೆ, ಜಗಳ ಇದ್ದಲ್ಲಿ ಕಥೆ. ಕಾಲುವೆಯ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವವರ ಬೀದಿ, ಕೆಳಗಡೆ ದೋಬಿಘಾಟ್ ಇಟ್ಟುಬಿಡಿ. ರಾಜಗುರುಗಳ ಬಿಳಿ ಪಂಚೆ ನೀಲಿಯಾಗಿ ವಾಪಸು ಬಂದ ದಿನ ನಿಮಗೆ ಡ್ರ್ಯಾಗನ್ ಬೇಕಾಗುವುದಿಲ್ಲ.

ಹಂತ 3: ಕೋಟೆ ಮತ್ತು ಸುಂಕ

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನು ಬಣ್ಣಿಸಿದ್ದಾನೆ. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆ. ಒಳಗೊಳಗೆ ಹೋದಂತೆ ಅಂಗಡಿಗಳ ಸಾಲು. ಕೋಟೆಯೊಳಗೇ ಬೆಳೆ ಇದ್ದರೆ ಮುತ್ತಿಗೆ ಬಿದ್ದಾಗಲೂ ಊರು ಉಣ್ಣುತ್ತದೆ. ನೀವೂ ಗೋಡೆ ಬರೆಯುವಾಗ ಅದರ ಆಚೆ ಯಾರು, ಈಚೆ ಯಾರು ಎಂದು ಬರೆದಿಡಿ. ಬಾಗಿಲಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿ.

ನನ್ನ ಗುಮಾಸ್ತ ನಿಂತ ನಿಲುವಿನಲ್ಲಿ ಹುಟ್ಟಿದವನು. ಕುಳ್ಳ ಯೋಧನೊಬ್ಬ ಕತ್ತೆ ಹೊಡೆದುಕೊಂಡು ಬಂದ.

“ಕತ್ತೆಗೆ ಎಷ್ಟು?”

“ಎರಡು ಕಾಸು. ಹೊರೆಗೆ ಬೇರೆ ನಾಲ್ಕು.”

ಯೋಧ ಹೊರೆಯನ್ನು ಇಳಿಸಿ ತನ್ನ ಬೆನ್ನಿಗೇರಿಸಿಕೊಂಡ. “ಈಗ ಕತ್ತೆ ಮೇಲೆ ಹೊರೆ ಇಲ್ಲವಲ್ಲ?”

“ಇಲ್ಲ ಸ್ವಾಮಿ. ಹಾಗಾದರೆ ತಾವೂ ಕತ್ತೆಗಳ ಸಾಲಿನಲ್ಲೇ ನಿಂತುಕೊಳ್ಳಿ. ಒಟ್ಟು ಎಂಟು ಕಾಸು.”

ಯೋಧ ತನ್ನ ಬಡತನ, ತಾಯಿಯ ಕಾಯಿಲೆ ಎಲ್ಲ ಹೇಳಿಕೊಂಡು, ಗುಮಾಸ್ತ ಕರಗುತ್ತಾನೋ ಇಲ್ಲವೋ ಎಂದು ದಾಳ ಹಾಕಿದ. ಇಪ್ಪತ್ತಕ್ಕೆ ಮೂರು ಬಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಇನ್ನೇನಾಗುತ್ತದೆ? ಆ ಸಂಜೆ ಎರಡು ಗಂಟೆ ಅಲ್ಲೇ ಕಳೆಯಿತು. ಒಂದು ಬುರುಜನ್ನೂ ಯಾರೂ ತಲೆಯೆತ್ತಿ ನೋಡಲಿಲ್ಲ.

ಹಂತ 4: ಒಂದು ಚಿಟಿಕೆ ವಿಚಿತ್ರ

ಮಾಯೆಯನ್ನು ಉಪ್ಪಿನ ಹಾಗೆ ಹಾಕಿ. ಟೆರ್ರಿ ಪ್ರ್ಯಾಚೆಟ್ 1983ರಿಂದ ಬರೆದುಕೊಂಡು ಬಂದ ಡಿಸ್ಕ್‌ವರ್ಲ್ಡ್ ಕಾದಂಬರಿಗಳ ಆಂಕ್-ಮೋರ್ಪೋರ್ಕ್ ನಗರದಲ್ಲಿ ಕಳ್ಳರಿಗೂ ಒಂದು ಸಂಘವಿದೆ; ಕದ್ದ ಮೇಲೆ ರಸೀದಿ ಕೊಡುತ್ತಾರೆ. 1994ರ ‘ಪ್ಲೇನ್‌ಸ್ಕೇಪ್’ ಆಟದ ಸಿಜಿಲ್ ನಗರ ಒಂದು ದೊಡ್ಡ ಬಳೆಯ ಒಳಮೈಗೆ ಅಂಟಿಕೊಂಡಿದೆ. ತಲೆಯೆತ್ತಿದರೆ ಆಕಾಶದ ಬದಲು ಎದುರು ಬೀದಿಯ ಮನೆಗಳ ಮಾಡು. ಇಂಥದೊಂದನ್ನು ಒಪ್ಪಿಸಿದರೆ ಸಾಕು. ಮಿಕ್ಕಂತೆ ಅಲ್ಲೂ ಬಾಡಿಗೆ ಕಟ್ಟಬೇಕು, ಕಸ ಎಸೆಯಬೇಕು. ರಸೀದಿ ಕೊಡುವ ಕಳ್ಳ ನಗಿಸುವುದೇ ನಮಗೆಲ್ಲ ರಸೀದಿ ಎಂದರೇನೆಂದು ಚೆನ್ನಾಗಿ ಗೊತ್ತಿರುವುದರಿಂದ.

ದೋಷ ನಿವಾರಣೆ

ದೋಷ: ಆಟಗಾರರು ಅರಮನೆಯ ಕಡೆ ಸುಳಿಯುತ್ತಿಲ್ಲ.
ಪರಿಹಾರ: ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಅರಮನೆಯನ್ನೇ ಎತ್ತಿ ಅವರ ದಾರಿಗೆ ತಂದಿಡಿ. ನಕ್ಷೆಯನ್ನು ಅವರಿಗೆ ತೋರಿಸಿಲ್ಲ ತಾನೇ?

ದೋಷ: ದಾರಿಯಲ್ಲಿ ಸಿಕ್ಕ ಅವರೆಕಾಯಿ ಮಾರುವವಳ ಹೆಸರು, ಊರು, ಮಕ್ಕಳೆಷ್ಟು ಎಂದೆಲ್ಲ ಕೇಳುತ್ತಾರೆ.
ಪರಿಹಾರ: ಹತ್ತು ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ಮಕ್ಕಳ ಲೆಕ್ಕಕ್ಕೆ ದಾಳ ಹಾಕಿ, ಇಪ್ಪತ್ತು ಮುಖದ್ದನ್ನಲ್ಲ.

ದೋಷ: ಊರಿಗೆ ಬೆಂಕಿ ಹಚ್ಚಿದ್ದಾರೆ.
ಪರಿಹಾರ: ಹಂತ 2 ನೋಡಿ.

ಗ್ಯಾರಂಟಿ

ಪೂರ್ತಿಯಾದ ನಗರಕ್ಕೆ ಗ್ಯಾರಂಟಿ ಇರುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬೆಟ್ಟ ಹತ್ತಿ ನಿಂತು ನೋಡಿದ. ಬಹುಪಾಲು ಕಂಡಿತು, ಉಳಿದದ್ದು ಬೆಟ್ಟಸಾಲುಗಳ ಮರೆಯಲ್ಲಿತ್ತು. ಹಾಗಾಗಿ ಊರಿನ ಅಳತೆ ಬರೆಯಲು ಹೋಗಲಿಲ್ಲ. ಕಣ್ಣಾರೆ ಕಂಡವನೇ ಅಷ್ಟು ಬಿಟ್ಟಿರುವಾಗ, ಕಾಣದ ಊರು ಕಟ್ಟುವ ನಿಮಗೇಕೆ ಅವಸರ? ಎರಡು ಬೆಟ್ಟ ಬರೆದು ಹಿಂದುಗಡೆ ಖಾಲಿ ಬಿಡಿ. ಆಟಗಾರರು ಹೇಗೂ ಅತ್ತಲೇ ಹೊರಡುತ್ತಾರೆ.

ನನ್ನ ನಕ್ಷೆಯಲ್ಲಿ ಈಗ ಐದು ಬುರುಜುಗಳಿವೆ. ಉಳಿದ ಒಂಬತ್ತನ್ನು ಅಳಿಸಿ ಆ ಜಾಗದಲ್ಲಿ ಮೋರಿ ತೋಡಿದ್ದೇನೆ. ರಬ್ಬರ್ ಮೂರು ಕೊಟ್ಟಿರುವುದು ಅದಕ್ಕೇ.