ಖಾಲಿ ಕಾಗದದ ಮೇಲೊಂದು ಮೊಹರು

ಕಮಠಾಣದಲ್ಲಿ ಒಬ್ಬ ದಾಲ್‌ಮಿಲ್ ಸಾಹುಕಾರರಿದ್ದಾರೆಂದು ಇಟ್ಟುಕೊಳ್ಳೋಣ. ತೊಗರಿ ಕೊಳ್ಳುವಾಗ ಚೀಲದ ತಳದವರೆಗೆ ಕೈ ಹಾಕಿ, ಒಂದು ಕಾಳನ್ನು ಹಲ್ಲಲ್ಲಿ ಕಟಕ್ಕೆನಿಸಿ, ಹಸಿ ಎಷ್ಟಿದೆಯೆಂದು ಹೇಳಬಲ್ಲವರು. ಬೀದರಿನ ಗಾಂಧಿಗಂಜಿನ ಅಡತಿಯವರು ಅವರೆದುರು ತಕ್ಕಡಿ ಮುಟ್ಟಲು ಅಂಜುತ್ತಾರೆ. ಇಂಥವರಿಗೆ ಒಂದು ದಿನ ಸಾಫ್ಟ್‌ವೇರ್ ಮಾಡಿಸುವ ಯೋಗ ಬಂತು. ಹಲ್ಲಲ್ಲಿ ಕಚ್ಚಿ ನೋಡಲಾಗದ ಸರಕನ್ನು ಅವರು ಕೊಳ್ಳಹೊರಟಿದ್ದು ಅದೇ ಮೊದಲು.

ಪಗಾರ ಕೊಟ್ಟು ಹುಡುಗರನ್ನಿಟ್ಟುಕೊಂಡು ಮಾಡಿಸುವುದೋ, ಹೊರಗೆ ಕೊಡುವುದೋ? ಸಭೆ ಸೇರಿತು. ಸಭೆಯೆಂದರೆ ಸಾಹುಕಾರರು, ಮುನೀಮರು ಮತ್ತು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೆಲಸಕ್ಕಿರುವ ಅಳಿಯ.

“ಹೊರಗ ಕೊಡ್ರಿ ಮಾವಾ. ಅಮೆರಿಕದವರೇ ಹೊರಗ ಕೊಡ್ತಾರ.”

“ಅವರ ಕೆಲಸ ನಮ್ಮ ಹುಡುಗರು ಮಾಡ್ತಾರ, ಖರೇ. ನಮ್ಮ ಕೆಲಸ ಯಾರ ಹುಡುಗರು ಮಾಡ್ಬೇಕ್ರಿ?” ಎಂದರು ಮುನೀಮರು. ಈ ಮಾತು ನಡಾವಳಿಯಲ್ಲಿ ದಾಖಲಾಗಲಿಲ್ಲ.

ಇಸ್ತ್ರಿ ಅಂಗಿಯ ಕಂಪನಿಯವರು ಬಂದರು. “ನಿಮಗೇನು ಬೇಕು ಸರ್?” “ಎಲ್ಲಾ ಬೇಕ್ರಿ. ಮೊಬೈಲ್‌ನಾಗ ಕಾಣ್ಬೇಕು.” ಅವರು ‘ಎಲ್ಲಾ’ ಎಂದು ಬರೆದುಕೊಂಡು ಹೋದರು. ವಾರದೊಳಗೆ ದಪ್ಪನೆಯ ಇಂಗ್ಲಿಷ್ ಕರಾರುಪತ್ರ ಬಂತು. ಅದರಲ್ಲಿ ಕ್ಲೌಡ್ ಇತ್ತು, ಡ್ಯಾಶ್‌ಬೋರ್ಡ್ ಇತ್ತು, ತೊಗರಿ ಇರಲಿಲ್ಲ. ಸಾಹುಕಾರರು ಎಲ್ಲ ಪುಟಗಳಿಗೂ ಸಹಿ ಹಾಕಿದರು. ಓದಲು ಹೊತ್ತಿರಲಿಲ್ಲ, ಅಂದೇ ಗಂಜಿನಲ್ಲಿ ಒಂದು ಚೀಲ ತೊಗರಿಯ ತೂಕದ ಜಗಳವಿತ್ತು.

ದರದ ಚೌಕಾಶಿಯಲ್ಲಿ ಮಾತ್ರ ಅವರು ಜಾಣರು. ಈ ಧಂದೆಯಲ್ಲಿ ಎರಡೇ ಪದ್ಧತಿ. ಗುತ್ತಿಗೆ ಕೊಟ್ಟರೆ ಕೆಲಸ ಮುಗಿಯುತ್ತದೆ, ಆಗಿರುವುದಿಲ್ಲ. ದಿನಗೂಲಿ ಕೊಟ್ಟರೆ ಕೆಲಸ ಆಗುತ್ತಿರುತ್ತದೆ, ಮುಗಿಯುವುದಿಲ್ಲ. ಸಾಹುಕಾರರು ಗುತ್ತಿಗೆ ಆರಿಸಿದರು. ಕೆಲಸ ಮುಗಿಯಿತು.

ಮುನೀಮರು ಪರದೆಯ ಮುಂದೆ ಕೂತು ಕೇಳಿದರು: “ನುಚ್ಚು ಎಲ್ಲಿ ಬರೀಲ್ರಿ? ಹೊಟ್ಟು ಎಲ್ಲಿ ಬರೀಲಿ?” ಜಾಗವಿರಲಿಲ್ಲ. ಒಂದು ಕ್ವಿಂಟಲ್ ತೊಗರಿ ಹಾಕಿದರೆ ಒಂದು ಕ್ವಿಂಟಲ್ ಬೇಳೆಯೇ ಹೊರಬೀಳುವ ಗಿರಣಿಯನ್ನು ಆ ಹುಡುಗರು ಕಟ್ಟಿದ್ದರು. ಅಂಥ ಗಿರಣಿ ಇದ್ದಿದ್ದರೆ ಸಾಹುಕಾರರಿಗೆ ಸಾಫ್ಟ್‌ವೇರ್ ಯಾಕೆ ಬೇಕಿತ್ತು? ನುಚ್ಚು ಸೇರಿಸುವುದು ಕರಾರಿನ ಹೊರಗಿನ ಕೆಲಸ, ಅದಕ್ಕೆ ಬೇರೆ ಬಿಲ್ಲು ಎಂದು ಉತ್ತರ ಬಂತು. ಉದ್ರಿಗೆ ಇನ್ನೊಂದು ಬಿಲ್ಲು, ಹಮಾಲಿಗೆ ಮತ್ತೊಂದು.

ಸಾಹುಕಾರರು ಕುಗ್ಗಬೇಕಿಲ್ಲ, ದೊಡ್ಡವರ ಪಂಕ್ತಿಯಲ್ಲೇ ಕೂತಿದ್ದಾರೆ. ಆದಾಯ ತೆರಿಗೆಯ ಹೊಸ ಪೋರ್ಟಲ್ಲಿನ ಯೋಜನೆಗೆ ಕೇಂದ್ರ ಸಂಪುಟ 2019ರಲ್ಲಿ ಮಂಜೂರು ಮಾಡಿದ್ದು ₹4,242 ಕೋಟಿ. ಕಟ್ಟಿದ್ದು ಲೋಕದ ಹೊರಗುತ್ತಿಗೆಯನ್ನೆಲ್ಲ ಹೊರುವ ನಮ್ಮ ಇನ್ಫೊಸಿಸ್. 2021ರ ಜೂನ್ 7ರಂದು ಅದು ತೆರೆಯಿತು. ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರಿನಲ್ಲಿ ಇನ್ಫೊಸಿಸ್ಸನ್ನೂ ನಂದನ್ ನಿಲೇಕಣಿಯವರನ್ನೂ ಕರೆದು ದೂರು ಹೇಳಿದರು. ಆಗಸ್ಟಿನಲ್ಲಿ ಕಂಪನಿಯ ಮುಖ್ಯಸ್ಥರನ್ನೇ ದೆಹಲಿಗೆ ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ದೇಶದ ಖಜಾನೆಯ ಕೀಲಿ ಹಿಡಿದವರಿಗೇ ಈ ಪಾಡು. ಅತ್ತ ಅಮೆರಿಕದ ಬಾಡಿಗೆ ಕಾರಿನ ಹರ್ಟ್ಜ್, ವೆಬ್‌ಸೈಟ್ ಆಗಲೇ ಇಲ್ಲವೆಂದು 2019ರಲ್ಲಿ ಆ್ಯಕ್ಸೆಂಚರ್ ಮೇಲೆ 3.2 ಕೋಟಿ ಡಾಲರಿನ ದಾವೆ ಹೂಡಿತು. ಕಮಠಾಣದ ಸಾಹುಕಾರರ ಫೋನನ್ನು ಯಾರು ಎತ್ತಬೇಕು?

ಹಾಗಾದರೆ ಹೊರಗೆ ಕೊಟ್ಟು ಗೆದ್ದವರೇ ಇಲ್ಲವೆ? ಇದ್ದಾರೆ, ಅದೂ ಸರ್ಕಾರಿ ಕಚೇರಿಯಲ್ಲಿ. ನಂಬುವುದು ಕಷ್ಟ, ಆದರೆ ಪಹಣಿ ಸಾಕ್ಷಿಯಿದೆ. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ನಕಲಿಗೆ ಅಲೆಯುತ್ತಿದ್ದ ರೈತ ₹15 ಕೊಟ್ಟು ಕಿಟಕಿಯಲ್ಲಿ ಅಚ್ಚಿನ ಪ್ರತಿ ಪಡೆದ. ಟೈಪು ಮಾಡುವ ಕೆಲಸ ಖಾಸಗಿ ಏಜೆನ್ಸಿಗಳಿಗೆ ಹೋಯಿತು. ತಂತ್ರಾಂಶ ಬರೆದದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ಕೇಂದ್ರ. ಟೈಪಾದದ್ದನ್ನು ತಾಳೆ ನೋಡಿದ್ದು ಆ ಹೊಲದ ಬಾಂದು ಬಲ್ಲ ಗ್ರಾಮ ಲೆಕ್ಕಿಗ. ಬೆರಳಿನ ಕೆಲಸ ಹೊರಗೆ ಹೋಯಿತು, ತಲೆಯ ಕೆಲಸ ಮನೆಯಲ್ಲಿ ಉಳಿಯಿತು. ನಮ್ಮ ಸಾಹುಕಾರರು ಇದನ್ನೇ ತಿರುವುಮುರುವಾಗಿ ಮಾಡಿದರು: ತಲೆಯನ್ನು ಹೊರಗೆ ಕೊಟ್ಟು, ಟೈಪು ಮಾಡಲು ಮುನೀಮರನ್ನು ಕೂರಿಸಿದರು.

“ಹೋಗ್ಲಿ, ರೊಕ್ಕ ಕೊಟ್ಟೀನಿ, ಮಾಲು ನಂದದ. ಬ್ಯಾರೆಯವರ ಕಡಿಂದ ರಿಪೇರಿ ಮಾಡಿಸ್ತೀನಿ.” ಸಾಹುಕಾರರ ಈ ನಂಬಿಕೆಯನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಒಪ್ಪುವುದಿಲ್ಲ. ಪಗಾರದ ನೌಕರ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಮಾಲೀಕನದು. ಹೊರಗಿನವನು ಬರೆದದ್ದು, ಬರಹದಲ್ಲಿ ಹಸ್ತಾಂತರಿಸದಿದ್ದರೆ, ಅವನದೇ. ಹಸ್ತಾಂತರ ಬರೆದು ಅವಧಿ ಬರೆಯಲು ಮರೆತರೆ ಐದೇ ವರ್ಷದ್ದೆಂದು 19ನೇ ಕಲಮು ಹೇಳುತ್ತದೆ. ಹೊಲದ ಖರೀದಿಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಸುವ ಮನುಷ್ಯ, ಇಲ್ಲಿ ಒಂದು ದಿಕ್ಕನ್ನೂ ಬರೆಸಿರಲಿಲ್ಲ.

ಸಹಿ-ಮೊಹರನ್ನು ಇನ್ನೊಬ್ಬರ ಕೈಗೆ ಬಿಡಬಾರದೆಂಬ ಪಾಠವನ್ನು ಬೀದರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯವನ್ನು ನಡೆಸಿದ, 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಸತ್ತದ್ದು ಯುದ್ಧದಲ್ಲಲ್ಲ. ಅವನ ಮೊಹರು ಕಾಯುವವನನ್ನು ಒಲಿಸಿಕೊಂಡ ವೈರಿಗಳು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆಮೇಲೆ ಒಡಿಶಾದ ಅರಸನಿಗೆ ದ್ರೋಹದ ಪತ್ರ ಬರೆದರು ಎನ್ನುತ್ತಾನೆ ಇತಿಹಾಸಕಾರ ಫೆರಿಷ್ತಾ. 1481ರಲ್ಲಿ ಸುಲ್ತಾನ ತಲೆ ತೆಗೆಸಿದ. ಇಂದು ಮೊಹರು ಪೆನ್‌ಡ್ರೈವಿನಷ್ಟಾಗಿದೆ. ಡಿಜಿಟಲ್ ಸಹಿಯ ಆ ಟೋಕನ್ ಹೊರಗಿನವರ ಡ್ರಾಯರಿನಲ್ಲಿ, ಡೊಮೇನು ಅವರ ಹೆಸರಲ್ಲಿ, ಪಾಸ್‌ವರ್ಡ್ ಕೆಲಸ ಬಿಟ್ಟುಹೋದ ಹುಡುಗನ ನೆನಪಿನಲ್ಲಿ.

ಆದ್ದರಿಂದ ಹೊರಗೆ ಕೊಡಿ, ಧಾರಾಳವಾಗಿ ಕೊಡಿ. ನಮಗೇನು ಬೇಕು ಎಂದು ತಿಳಿದುಕೊಳ್ಳುವ ಕೆಲಸ ಒಂದನ್ನು ಮಾತ್ರ ಕೊಡಬೇಡಿ. ಅದನ್ನೂ ಮಾಡಿಕೊಡುವ ಕಂಪನಿಗಳಿವೆ. ಅವಕ್ಕೆ ಕನ್ಸಲ್ಟೆನ್ಸಿ ಎನ್ನುತ್ತಾರೆ. ಅವರು ಕಮಠಾಣಕ್ಕೆ ಬಂದು, ಮುನೀಮರನ್ನು ಎರಡು ದಿನ ಕೂರಿಸಿಕೊಂಡು ಕೇಳಿ, ಮುನೀಮರು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದು, ಸಾಹುಕಾರರಿಗೆ ಮಾರುತ್ತಾರೆ.