ದೀಪದ ಮಲ್ಲ

ದೇವಸ್ಥಾನದಲ್ಲಿ ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತ ಹಿತ್ತಾಳೆಯ ಹೆಂಗಸನ್ನು ನೀವು ನೋಡಿರುತ್ತೀರಿ. ದೀಪದ ಮಲ್ಲಿ. ಆಕೆಗೊಬ್ಬ ತಮ್ಮ ಇದ್ದಾನೆಂದು ಶಿಲ್ಪಶಾಸ್ತ್ರ ಎಲ್ಲೂ ಹೇಳಿದ ಹಾಗಿಲ್ಲ, ಆದರೆ ಇದ್ದಾನೆ. ಬೆಂಗಳೂರಿನಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ, ವಯಸ್ಸು ಮೂವತ್ತರ ಆಸುಪಾಸು, ನನ್ನ ಅಕ್ಕನ ಮಗ. ನಿಮ್ಮ ಅಕ್ಕನ ಮಗನೂ ಆಗಿರಬಹುದು, ಏಕೆಂದರೆ ಈ ಜಾತಿಯವರು ಈಗ ಬೀದಿಗೊಬ್ಬರಂತೆ ಸಿಗುತ್ತಾರೆ. ಕಿಟಕಿ ನೋಡಿದರೇ ಗುರುತು ಹತ್ತುತ್ತದೆ: ರಾತ್ರಿ ಹನ್ನೊಂದಕ್ಕೆ ನೇರಳೆ, ಹನ್ನೊಂದೂ ಕಾಲಿಗೆ ಹಸಿರು. ಎದುರು ಮನೆಯವರು ಮೊದಮೊದಲು ಒಳಗೆ ಯಾವುದೋ ಆರ್ಕೆಸ್ಟ್ರಾದವರ ರಿಹರ್ಸಲ್ ನಡೀತಿದೆ ಅಂದುಕೊಂಡಿದ್ದರಂತೆ.

ಮಲ್ಲನಿಗೆ ಕುಡಿತವಿಲ್ಲ, ಸಿಗರೇಟಿಲ್ಲ. ಖಾಲಿ ಜಾಗ ಕಂಡರೆ ಮಾತ್ರ ಆಗುವುದಿಲ್ಲ. ಒಂದು ಭಾನುವಾರ ಕಾಫಿ ಲೋಟ ಹಿಡಿದಿದ್ದ ನನ್ನನ್ನು ಹಾಗೇ ಕೈಹಿಡಿದು ಕೋಣೆಗೆ ಕರೆದೊಯ್ದ. ಮೇಜಿನ ಮೇಲೆ ಕಂಪ್ಯೂಟರು. ಒಂದು ಪಕ್ಕಕ್ಕೆ ಗೋಡೆಯ ಬದಲು ಗಾಜು. ಒಳಗೆ ಫ್ಯಾನುಗಳು ಬಣ್ಣ ಉಗುಳುತ್ತ ತಿರುಗುತ್ತಿವೆ.

“ಮಾವ, ಇಲ್ಲಿ ನೋಡಿ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ.”

ಬಗ್ಗಿ ನೋಡಿದೆ. “ಏನೂ ಕಾಣ್ತಿಲ್ವಲ್ಲೋ.”

“ಅದೇ ಪ್ರಾಬ್ಲಂ.”

ಅಲ್ಲಿ ಕಾರ್ಡು ಸಿಕ್ಕಿಸುವ ಮೂರು ಸ್ಲಾಟು ಬಾಯಿ ತೆರೆದುಕೊಂಡು ಕೂತಿದ್ದವು. ಅವನ ಮುಖ ನೋಡಿದರೆ ಗೃಹಪ್ರವೇಶಕ್ಕೆ ಬಂದವರೆಲ್ಲ ಅರ್ಧ ಪ್ಲಾಸ್ಟರ್ ಆದ ಗೋಡೆಯ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡಷ್ಟು ಸಂಕಟ.

ನನ್ನ ಕಾಲದಲ್ಲಿ ಸ್ಲಾಟಿಗೆ ಇಂಥ ದುರ್ಗತಿ ಇರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು 5 ಸ್ಲಾಟು, ಅವೂ ಸಾಲುತ್ತಿರಲಿಲ್ಲ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮದರ್‌ಬೋರ್ಡಿನ ಅಳತೆ ಗೊತ್ತುಮಾಡಿದಾಗ 7ಕ್ಕೆ ಜಾಗ ಬಿಟ್ಟಿತು. 1999ರಲ್ಲಿ ನಾನು ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಪೆಟ್ಟಿಗೆಯಲ್ಲಿ ಚಿತ್ರಕ್ಕೊಂದು ಕಾರ್ಡು, ಶಬ್ದಕ್ಕೊಂದು, ಫೋನ್ ಲೈನಿನ ಮೋಡೆಮ್ಮಿಗೊಂದು, ಆಮೇಲೆ ಕ್ರಿಕೆಟ್ ನೋಡಲು ಟಿವಿ ಟ್ಯೂನರ್ ಬೇರೆ. ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ ಒತ್ತೊತ್ತಾಗಿ ಕೂತಿದ್ದವು. ಪೆಟ್ಟಿಗೆಯ ಬಣ್ಣ ಮಾತ್ರ ಹಳೇ ಸರ್ಕಾರಿ ಕಚೇರಿಯ ಗೋಡೆಯದು, ಸುತ್ತಲೂ ತಗಡು. ಒಳಗೆ ಅಷ್ಟೆಲ್ಲ ಇದ್ದಾಗ ಯಾರೂ ಗಾಜು ಹಾಕಲಿಲ್ಲ. ಶಬ್ದ, ನೆಟ್‌ವರ್ಕ್ ಎಲ್ಲ ಮದರ್‌ಬೋರ್ಡಿನೊಳಗೇ ಸೇರಿಹೋಗಿ ಸ್ಲಾಟುಗಳೆಲ್ಲ ಬರಿದಾದ ಮೇಲೆ ಗಾಜು ಬಂತು. ಈಗ ನೋಡುವವರಿಗೆ ತೋರಿಸಲು ಏನಾದರೂ ಬೇಕಲ್ಲ!

ಅದಕ್ಕೇ ಸ್ಲಾಟ್ ಲೈಟು. ನೋಡಲು ಕಾರ್ಡೇ. ಹಿಂದೆ ಸ್ಕ್ರೂ ಹಾಕುವ ತಗಡಿನ ಪಟ್ಟಿ, ಮುಂದೆ ಅಂಚಿನುದ್ದಕ್ಕೂ ದೀಪ. ಹತ್ತಿಪ್ಪತ್ತು ವರ್ಷದ ಹಿಂದೆ ಇದೇ ಜಾಗಕ್ಕೆ ಪೆನ್ಸಿಲ್ ದಪ್ಪದ ಗಾಜಿನ ಕೋಲ್ಡ್ ಕ್ಯಾಥೋಡ್ ಕೊಳವೆ ಬರುತ್ತಿತ್ತು, ಜೊತೆಗೆ ಕಿವಿಯಲ್ಲಿ ಸೊಳ್ಳೆ ಹಾಡಿದಂತೆ ಗುಂಯ್‌ಗುಡುವ ಇನ್ವರ್ಟರ್ ಡಬ್ಬಿ. ಈಗ ಎಲ್‌ಇಡಿ. ಒಂದು ಸಂಗತಿ ಮಾತ್ರ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಸ್ಲಾಟಿಗೂ ಈ ದೀಪಕ್ಕೂ ಸಾಮಾನ್ಯವಾಗಿ ಯಾವ ವ್ಯವಹಾರವೂ ಇರುವುದಿಲ್ಲ, ಕರೆಂಟು ಬೇರೆ ವೈರಿನಿಂದ ಬರುತ್ತದೆ. ದೊಡ್ಡ ಸ್ಲಾಟೊಂದು ತಾನೇ 75 ವ್ಯಾಟ್ ಕೊಡಬಲ್ಲದು, ಹದಿನಾರು ಲೇನಿನಲ್ಲಿ ಮಾಹಿತಿ ಸಾಗಿಸಬಲ್ಲದು. ಹದಿನಾರು ಲೇನಿನ ಹೆದ್ದಾರಿ ಖಾಲಿ ಇದೆಯೆಂದು ನಮ್ಮ ಮಲ್ಲ ಅದರ ಮೇಲೆ ರಂಗೋಲಿ ಹಾಕಲು ಹೊರಟಿದ್ದ.

ಆ ದೀಪ ಕೊಳ್ಳಲು ಎಸ್.ಪಿ. ರೋಡಿಗೆ ಅವನ ಜೊತೆಗೆ ನಾನೂ ಹೋಗಿದ್ದೆ. ಎಸ್.ಪಿ. ರೋಡೆಂದರೆ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರೇ ತಿರುಗಿ ನೋಡುತ್ತಾರೆ. ಎರಡು ಅಂಗಡಿಯ ನಡುವೆ ಒಬ್ಬ ಅಡ್ಡಡ್ಡ ನಡೆಯುವಷ್ಟು ಮೆಟ್ಟಿಲು, ಅದರ ಮೇಲಿನ ಮಳಿಗೆ. ಅಂಗಡಿಯವನು ಅಂಗೈಯಗಲದ ಡಬ್ಬಿ ಬಿಚ್ಚಿಟ್ಟ.

“ಇದು ಏನ್ ಮಾಡುತ್ತಪ್ಪ?” ಅಂದೆ.

“ಉರಿಯುತ್ತೆ ಸಾರ್.”

“ಅದು ಸರಿ. ಕೆಲಸ ಏನು?”

ಅವನು ಮಲ್ಲನ ಕಡೆ ನೋಡಿದ. ಮಲ್ಲ ನನ್ನ ಕಡೆ ನೋಡಲಿಲ್ಲ.

ಈ ದೀಪಗಳಿಗೆ ಎರಡು ಬಗೆಯ ಸಾಕೆಟ್ಟಿದೆ. 5 ವೋಲ್ಟಿನದಕ್ಕೆ ಮೂರು ಪಿನ್ನು, 12 ವೋಲ್ಟಿನದಕ್ಕೆ ನಾಲ್ಕು. ಮನೆಗೆ ಬಂದು ಮಲ್ಲ ಮೊಬೈಲಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡು ಬೆರಳನ್ನು ವೈರಿನ ಪೊದೆಯೊಳಗೆ ತೂರಿಸಿ, 5ರ ಪಟ್ಟಿಯನ್ನು 12ಕ್ಕೆ ಒತ್ತಿದ. ಸ್ವಿಚ್ ಹಾಕಿದ. ಒಂದು ಕ್ಷಣ ಕೋಣೆಯೆಲ್ಲ ಬೆಳಗಿತು, ಮರುಕ್ಷಣ ಸುಟ್ಟ ಬಾಚಣಿಗೆಯ ವಾಸನೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಉರಿಯಿತು.

“ಏನೋ ಅದು, ಒಲೆ ಮೇಲೆ ಏನಾದ್ರೂ ಇಟ್ಟಿದ್ಯಾ?” ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು.

ಮುಂದಿನ ವಾರ ಇನ್ನೊಂದು ಬಂತು, ಸರಿಯಾದ ಪಿನ್ನಿಗೇ ಕೂತಿತು. ಮಲ್ಲನ ನಿಜವಾದ ಕಷ್ಟ ಶುರುವಾದದ್ದು ಆಮೇಲೆ: ಯಾವ ಬಣ್ಣ? ಕೆಂಪಿಗೆ 256 ಮೆಟ್ಟಿಲು, ಹಸಿರಿಗೆ 256, ನೀಲಿಗೆ 256; ಗುಣಿಸಿದರೆ 1,67,77,216 ಬಣ್ಣ. ಚಿಕ್ಕಪೇಟೆಯಲ್ಲಿ ‘ಇದೇ ಬಾಟಲ್ ಗ್ರೀನ್‌ನಲ್ಲಿ ಸ್ವಲ್ಪ ತಿಳಿ ಇದ್ದರೆ ತೆಗೀರಿ’ ಎಂದು ಅರವತ್ತು ಸೀರೆ ಹಾಸಿಸಿ, ಕೊನೆಗೆ ‘ಮುಂದಿನ ವಾರ ಬರ್ತೀವಿ’ ಅನ್ನುವ ತಾಯಿಯ ಮಗ ಇವನು. ಆಫೀಸಿನ ಮೀಟಿಂಗ್ ಒಂದು ಕಿವಿಯಲ್ಲಿ ನಡೆಯುತ್ತಿರುವಾಗ ಬಲಗೈ ಬಣ್ಣದ ಚಕ್ರ ತಿರುಗಿಸುತ್ತಿರುತ್ತದೆ. ಫ್ಯಾನಿನ ದೀಪಕ್ಕೊಂದು ಸಾಫ್ಟ್‌ವೇರು, ಕೀಬೋರ್ಡಿನ ದೀಪಕ್ಕೆ ಬೇರೆ, ಸ್ಲಾಟಿನದಕ್ಕೆ ಮತ್ತೊಂದು. ಮೂರೂ ಒಂದೇ ಮನೆಯ ಮೂವರು ಸೊಸೆಯರಂತೆ, ಒಂದು ಹಾಕಿದ್ದನ್ನು ಇನ್ನೊಂದು ಅಳಿಸುತ್ತದೆ. ಕೊನೆಗೆ ಬೇಸತ್ತು ಕಾಮನಬಿಲ್ಲಿಗೆ ಬಿಟ್ಟುಬಿಡುತ್ತಾನೆ, ಎಲ್ಲರೂ ಬಿಡುವ ಹಾಗೆ.

ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಕೆಂಪು, ಹಸಿರು ಮೊದಲೇ ಇದ್ದವು. ನೀಲಿ ಸಿಕ್ಕಿದ್ದರಿಂದ ಬಿಳಿ ಬೆಳಕು ಮಾಡಲು ಬಂತು, ಕಡಿಮೆ ಕರೆಂಟಿನಲ್ಲಿ ಮನೆ ಬೆಳಗಿತು ಎಂಬುದು ಅದರ ಹೆಗ್ಗಳಿಕೆ. ಮಲ್ಲನ ಕೋಣೆಯಲ್ಲಿ ನಾನು ಬಿಳಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಬಣ್ಣವನ್ನೂ ಕಂಡಿದ್ದೇನೆ.

“ಗೇಮಿಂಗಿಗೆ ಮಾವ” ಎನ್ನುತ್ತಾನೆ. ಅವನು ಆಟ ಆಡಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೇ ಸಲ ಅರ್ಧಕ್ಕೇ ನಿಲ್ಲಿಸಿದ್ದ. ಆಟದ ಪರದೆ ಕೆಂಪಾದಾಗ ಸ್ಲಾಟು ಕೆಂಪಾಗಲಿಲ್ಲವಂತೆ.

ರ‍್ಯಾಮಿನ ಸ್ಲಾಟು ನಾಲ್ಕು, ಅವನಿಗೆ ಬೇಕಾದ ರ‍್ಯಾಮು ಎರಡು. ಮಿಕ್ಕೆರಡು ಖಾಲಿ ಕಂಡು ಮತ್ತೆ ಊಟ ಸೇರಲಿಲ್ಲ. ಈ ಸಂಕಟ ಇವನೊಬ್ಬನದಲ್ಲ. 2018ರಲ್ಲಿ ಗಿಗಾಬೈಟ್ ಕಂಪನಿ ನಾಲ್ಕು ರ‍್ಯಾಮಿನ ಒಂದು ಸೆಟ್ಟನ್ನೇ ಮಾರಿತು. ಅದರಲ್ಲಿ ಎರಡರಲ್ಲಿ ಮೆಮೊರಿ, ಇನ್ನೆರಡರಲ್ಲಿ ಬರೀ ದೀಪ. ಕೋರ್ಸೇರ್ ಕಂಪನಿಯವರು ಮೆಮೊರಿಯೇ ಇಲ್ಲದ ಜೋಡಿಯನ್ನು ಬೇರೆಯಾಗಿಯೇ ಮಾರಿದರು. ಗರ್ಭಗುಡಿಯಲ್ಲಿ ಎರಡು ಮೂಲವಿಗ್ರಹ, ಪಕ್ಕದಲ್ಲಿ ಎರಡು ಉತ್ಸವಮೂರ್ತಿ. ಬಂದವರ ಕಣ್ಣು ಹೋಗುವುದು ಎರಡನೆಯದರ ಮೇಲೇ.

ಇದನ್ನೆಲ್ಲ ಹೇಳಿ ನಗೋಣವೆಂದು ಹಾಲಿಗೆ ಬಂದು ಕೂತೆ. ಎದುರಿಗೆ ಅಕ್ಕನ ಷೋಕೇಸು. ಅದಕ್ಕೂ ಗಾಜು. ಒಳಗೆ ಚನ್ನಪಟ್ಟಣದ ರಾಜ-ರಾಣಿ, ಪ್ಲಾಸ್ಟಿಕ್ಕಿನ ದ್ರಾಕ್ಷಿ ಗೊಂಚಲು, ದುಬೈನಿಂದ ಬಂದು ಎಂದೋ ಮುಗಿದ ಸೆಂಟಿನ ಬಾಟಲಿ, ಮೂವತ್ತು ವರ್ಷದಿಂದ ಒಬ್ಬ ನೆಂಟನೂ ಕುಡಿಯದ ಆರು ಕಪ್ಪು ಆರು ಸಾಸರು. ಮೇಲಿನ ಅರೆಯಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿತ್ತೆಂದು ಭಾವನವರು ಹಿಂದೊಮ್ಮೆ ಎಳೆದ ಸೀರಿಯಲ್ ಸೆಟ್ಟು ಇನ್ನೂ ಮಿಣಮಿಣ ಅನ್ನುತ್ತಿತ್ತು. ನಗು ಗಂಟಲಲ್ಲೇ ಉಳಿಯಿತು.

ಆಯುಧಪೂಜೆಯ ದಿನ ತಾಯಿ-ಮಗನಿಗೆ ಸಣ್ಣ ಯುದ್ಧವೇ ಆಗಿಹೋಯಿತು. ಅಕ್ಕ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆ ಮಣೆಗೆ ಹಚ್ಚಿದ ಹಾಗೆಯೇ ಗಾಜಿಗೂ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟಳು. ಉದುರಿದ ಕುಂಕುಮವನ್ನು ಮುಂದಿನ ಫ್ಯಾನು ಭಕ್ತಿಯಿಂದ ಒಳಗೆಳೆದುಕೊಂಡಿತು. ಚೆಂಡುಹೂವಿನ ಸರ ಬಿಸಿಗಾಳಿ ಹೊರಬರುವ ಜಾಗಕ್ಕೇ ಸರಿಯಾಗಿ ಕೂತಿತು. “ಅಮ್ಮ, ಟೆಂಪರೇಚರ್!” ಎಂದು ಮಲ್ಲ ಚೀರಿದ. “ದೇವರಿಗಿಲ್ಲದ ಟೆಂಪರೇಚರ್ ಇದಕ್ಕೇನೋ” ಎಂದು ಆಕೆ ಯುಪಿಎಸ್ಸಿನ ಮುಂದೆ ನಿಂಬೆಹಣ್ಣು ಇಟ್ಟಳು. ಸಂಜೆ ಟಿವಿಯಲ್ಲಿ ಮೈಸೂರು ಅರಮನೆಯ ದೀಪ ಹತ್ತಿತು, ಸುಮಾರು ಒಂದು ಲಕ್ಷ ಬಲ್ಬು, ಎಲ್ಲಕ್ಕೂ ಒಂದೇ ಬಣ್ಣ. ಮಲ್ಲ ಬಹಳ ಹೊತ್ತು ನೋಡಿ, “ಎಫೆಕ್ಟೇ ಇಲ್ವಲ್ಲ ಮಾವ, ಬರೀ ಸ್ಟ್ಯಾಟಿಕ್” ಅಂದ.

ಕಂಪ್ಯೂಟರ್ ಆರಿಸಿದರೂ ದೀಪ ಆರುವುದಿಲ್ಲ, ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ ಉರಿಯುತ್ತದೆ ಎಂಬುದು ಆ ಕೋಣೆಯಲ್ಲಿ ಮಲಗಿದ ರಾತ್ರಿ ನನಗೆ ತಿಳಿಯಿತು. ತಲೆಯ ಮೇಲೆ ಹೊದ್ದುಕೊಂಡೆ. ಹೊದಿಕೆಯೂ ಬಣ್ಣ ಬದಲಿಸುತ್ತಿತ್ತು.

ಮೊನ್ನೆ ಜನವರಿಯಲ್ಲಿ ಅವರ ಮನೆಯಲ್ಲಿದ್ದೆ. ಅಕ್ಕ ಹಾಲಿನಲ್ಲಿ ಪೇಪರ್ ಹಾಸಿ ಎರಡು ಕೇಜಿ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದಳು. ಕರೆಂಟು ಹೋಯಿತು. ಮೇಣದ ಬತ್ತಿ ಸಿಗಲಿಲ್ಲ. ನನ್ನ ಮೊಬೈಲು ಸತ್ತಿತ್ತು, ಮಲ್ಲನದ್ದು ಆರು ಪರ್ಸೆಂಟು. ಇಡೀ ಮನೆಯಲ್ಲಿ ಬೆಳಕಿದ್ದದ್ದು ಒಂದೇ ಕಡೆ, ಯುಪಿಎಸ್ ಮೇಲೆ ಓಡುತ್ತಿದ್ದ ಆ ಗಾಜಿನ ಪೆಟ್ಟಿಗೆಯಲ್ಲಿ. ಅಕ್ಕ ಪೇಪರಿನ ನಾಲ್ಕು ಮೂಲೆ ಎತ್ತಿ ಹಿಡಿದು, ಅವರೆಕಾಯಿ ಸಮೇತ ಮಗನ ಕೋಣೆಗೆ ಬಂದು ಸ್ಲಾಟುಗಳ ಎದುರು ಕೂತಳು. ಮಲ್ಲನ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಯಾರೋ ಒಬ್ಬರು ಕೊನೆಗೂ ಆ ದೀಪದ ಮುಂದೆ ಕೂತಿದ್ದರು! ತಡೆಯಲಾರದೆ ತನ್ನ ಅತಿ ಮೆಚ್ಚಿನ ಪಚ್ಚೆ ಹಸಿರನ್ನು ಪೂರ್ತಿ ಏರಿಸಿದ.

ಅಕ್ಕ ಒಂದು ಕಾಯಿ ಬಿಡಿಸಿ ಕಣ್ಣಿನ ಹತ್ತಿರ ಹಿಡಿದಳು. ಆ ಬೆಳಕಿನಲ್ಲಿ ಕಾಳೂ ಹಸಿರು, ಸಿಪ್ಪೆಯೂ ಹಸಿರು, ಆಕೆಯ ಬೆರಳೂ ಹಸಿರು. ಕಾಳೊಂದು ಮೆಲ್ಲಗೆ ನಡೆಯಲು ಶುರು ಮಾಡಿತು.

“ಲೋ, ಬಿಳಿ ಹಾಕೋ.”

ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತ್ತು. ಮಲ್ಲ ಬಣ್ಣದ ಚಕ್ರದ ಮೇಲೆ ಮೌಸ್ ಇಟ್ಟು ತಾಯಿಯ ಕಡೆ ತಿರುಗಿದ.

“ಯಾವ ಬಿಳಿ ಅಮ್ಮ? ವಾರ್ಮ್ ವೈಟಾ, ಕೂಲ್ ವೈಟಾ?”

“ಹುಳ ಕಾಣೋ ಬಿಳಿ.”